ಕವಿತೆಗೊಂದು ಕಿರ್ದಿ ಪುಸ್ತಕ: ನಾಲ್ಕು ತಿಂಗಳ ಬಳಕೆಯ ನಂತರ

ಕವಿತೆ ಬರೆಯುವವರಿಗೆಂದೇ ಈಗ ಚರ್ಮದ ಹೊದಿಕೆಯ, ರೇಷ್ಮೆ ದಾರದ ಗುರುತುಪಟ್ಟಿಯಿರುವ ದುಬಾರಿ ನೋಟ್‌ಬುಕ್‌ಗಳು ಸಿಗುತ್ತವೆ. ಅಂಥದೊಂದು ಮೂರು ವರ್ಷಗಳಿಂದ ನನ್ನ ಮೇಜಿನ ಮೇಲಿದೆ. ಅದರ ಮೊದಲ ಪುಟದಲ್ಲಿ ನನ್ನ ಹೆಸರನ್ನು ಬಿಟ್ಟರೆ ಬೇರೇನೂ ಇಲ್ಲ; ಅಷ್ಟು ಚೆಂದದ ಹಾಳೆಗೆ ತಕ್ಕ ಸಾಲು ಇದುವರೆಗೂ ಹೊಳೆದಿಲ್ಲ. ನಾನಿಲ್ಲಿ ಬರೆಯಹೊರಟಿರುವುದು ಅದರ ಬಗ್ಗೆಯಲ್ಲ, ಬೆಂಗಳೂರಿನ ಅವೆನ್ಯೂ ರಸ್ತೆಯ ಅಂಗಡಿಯೊಂದರಲ್ಲಿ 90 ರೂಪಾಯಿಗೆ ಕೊಂಡ, ಕೆಂಪು ಬಟ್ಟೆ ಹೊದಿಸಿದ ರಟ್ಟಿನ ಒಂದು ಸಣ್ಣ ಕಿರ್ದಿ ಪುಸ್ತಕದ, ಅಂದರೆ ವ್ಯಾಪಾರಿಗಳು ದಿನದಿನದ ಜಮಾ-ಖರ್ಚು ಬರೆದಿಡುವ ಲೆಕ್ಕದ ಪುಸ್ತಕದ ಬಗ್ಗೆ.

ಅಂಗೈಗಿಂತ ತುಸು ದೊಡ್ಡದಾದ ಈ ಪುಸ್ತಕ ಅಂಗಿಯ ಕಿಸೆಯಲ್ಲಿ ಹಿಡಿಸುತ್ತದೆ. ಹಾಳೆಗಳನ್ನು ಬರೀ ಅಂಟಿನಿಂದ ಕೂಡಿಸದೆ ದಾರದಿಂದ ಹೊಲಿದಿರುವುದರಿಂದ ಎಲ್ಲಿ ಬಿಡಿಸಿದರೂ ಅಂಗಾತ ತೆರೆದುಕೊಳ್ಳುತ್ತದೆ. ಬಸ್ಸಿನಲ್ಲಿ ಮೊಣಕಾಲಿನ ಮೇಲಿಟ್ಟು ಬರೆಯುವವರಿಗೆ ಇದು ಸಣ್ಣ ಅನುಕೂಲವಲ್ಲ. ಎಡಪುಟ ಜಮಾ, ಬಲಪುಟ ಖರ್ಚು. ಎರಡರಲ್ಲೂ ತಾರೀಖು, ವಿವರ, ರೂಪಾಯಿ, ಪೈಸೆ ಎಂದು ಗೆರೆ ಎಳೆದ ಮನೆಗಳು. ಈ ಗೆರೆಗಳು ಕವಿತೆಗೆ ಅಡ್ಡಿಯಾಗುತ್ತವೆಂದುಕೊಂಡೇ ನಾನು ಶುರುಮಾಡಿದ್ದು. ಆದರೆ ಒಂದು ವಾರದೊಳಗೆ ಅವು ತಾವಾಗಿಯೇ ಒಂದು ಕ್ರಮವನ್ನು ಕಲಿಸಿದವು: ದಿನದಲ್ಲಿ ಕಿವಿಗೆ ಬಿದ್ದದ್ದು, ಕಣ್ಣಿಗೆ ಕಂಡದ್ದು ಜಮಾ, ಅದರಿಂದ ನಾನು ಕಟ್ಟಿದ ಸಾಲು ಖರ್ಚು.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಬೀದಿಗೆ ಬೆಳಗ್ಗೆ ಬರುವ ಸೊಪ್ಪಿನಮ್ಮ ‘ದಂಟು, ಕೀರೆ, ಮೆಂತ್ಯ ಸೊಪ್ಪು’ ಎಂದು ಕೂಗುತ್ತಾರೆ. ಹದಿನೈದು ವರ್ಷ ಕೇಳಿದ ಕೂಗು ಅದು. ಬರೆದುಕೊಂಡ ದಿನ, ಸುಮ್ಮನೆ ಖಾಲಿಯಿದ್ದ ಪೈಸೆಯ ಮನೆಯಲ್ಲಿ ಪ್ರತಿ ಪದದ ಮಾತ್ರೆ, ಅಂದರೆ ಅಕ್ಷರಗಳನ್ನು ನುಡಿಯಲು ಹಿಡಿಯುವ ಕಾಲದ ಅಳತೆ, ಎಣಿಸಿ ಹಾಕಿದೆ: ಮೂರು, ಮೂರು, ಮೂರು, ಮೂರು. ಛಂದಸ್ಸಿನ ಪಾಠದಲ್ಲಿ ಪ್ರಸ್ತಾರ ಹಾಕಲು ಒದ್ದಾಡಿದ ಮೂರು ಮಾತ್ರೆಯ ಗಣ ತಳ್ಳುಗಾಡಿಯ ಮೇಲೆ ಕಟ್ಟುಕಟ್ಟಾಗಿ ಕುಳಿತಿತ್ತು. ಕೊನೆಯ ‘ಪ್ಪು’ವನ್ನು ಅವರು ತಿರುವು ದಾಟುವವರೆಗೂ ಎಳೆಯುವುದು ಬೇರೆ, ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗವೂ ಅದೇ. ಖರ್ಚಿನ ಪುಟ ಹನ್ನೊಂದು ದಿನ ಖಾಲಿಯಿದ್ದು, ಆಮೇಲೆ ಅದೇ ಲಯದಲ್ಲಿ ಎರಡು ಸಾಲು ಬಂದವು:

ಬಾಗಿಲಲ್ಲಿ ನಿಂತ ಬೆಳಗು
ಯಾವ ಸೊಪ್ಪು ಬೇಕು ಎಂದು

ಮೂರನೆಯ ಸಾಲಿಗೆ ಇನ್ನೂ ಹೆಣಗುತ್ತಿದ್ದೇನೆ. ತುಂಬಿ ತುಳುಕುವ ಬಸ್ಸಿನಲ್ಲಿ ಕಂಡಕ್ಟರ್ ಒಬ್ಬರು ‘ಒಳಗೆ ಜಾಗ ಐತೆ, ಒಳಗೆ ಹೋಗ್ರಿ’ ಎಂದದ್ದು ತತ್ವಪದದ ಪಲ್ಲವಿಯಂತೆಯೇ ಕೇಳಿಸಿ ಜಮಾ ಆಗಿದೆ, ಅದೂ ಖರ್ಚಾಗಿಲ್ಲ.

ವ್ಯಾಪಾರ ನಡೆಯಲಿ ಬಿಡಲಿ, ಕಿರ್ದಿ ಬರೆಯುವವರು ದಿನದ ಲೆಕ್ಕವನ್ನು ದಿನವೇ ಮುಗಿಸಬೇಕು. ಈ ಪುಸ್ತಕದ ನಿಜವಾದ ಗುಣವಿರುವುದು ಇಲ್ಲಿ: ತಾರೀಖಿನ ಮನೆ ಖಾಲಿ ಬಿದ್ದರೆ ಸಾಲ ಕೊಟ್ಟವನ ಮುಖ ನೋಡಿದಂತಾಗಿ, ಮಲಗುವ ಮುನ್ನ ಏನಾದರೊಂದನ್ನು, ಕೊನೆಗೆ ಕುಕ್ಕರಿನ ಮೂರನೆಯ ಕೂಗು ಎರಡನೆಯದಕ್ಕಿಂತ ಗಿಡ್ಡವಾಗಿತ್ತೆಂಬುದನ್ನಾದರೂ, ಬರೆಯಲೇಬೇಕಾಗುತ್ತದೆ. ಸ್ಫೂರ್ತಿ ಬರಲೆಂದು ಕಾಯುವುದಕ್ಕಿಂತ ಇದು ಸುಲಭ. ಲೆಕ್ಕಕ್ಕೂ ಕಾವ್ಯಕ್ಕೂ ನಂಟು ನಮ್ಮಲ್ಲಿ ಹೊಸದೂ ಅಲ್ಲ. ಬಸವಣ್ಣ ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಹಗ್ಗ ಹೊಸೆದ ನುಲಿಯ ಚಂದಯ್ಯ ಇವರೆಲ್ಲ ಕಾಯಕದ ನಡುವಿನಿಂದಲೇ ಮಾತು ಎತ್ತಿಕೊಂಡವರು. ರಾಗಿ ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳಿಗಂತೂ ಕಲ್ಲು ತಿರುಗುವ ವೇಗವೇ ತಾಳ.

ಕೊರತೆಗಳೂ ಇವೆ. ಹಾಳೆ ತೆಳು, ಶಾಯಿ ಪೆನ್ನಿನಲ್ಲಿ ಬರೆದರೆ ಜಮಾ ಬೆನ್ನಿನ ಪುಟಕ್ಕೂ ಇಳಿದು ನಿಜವಾಗಿಯೇ ಖರ್ಚಾಗಿಬಿಡುತ್ತದೆ, ಬಾಲ್ ಪೆನ್ನೇ ಸರಿ. ಒಮ್ಮೆ ಮಳೆಯಲ್ಲಿ ನೆನೆದಾಗ ರಟ್ಟಿನ ಕೆಂಪು ಬಣ್ಣ ಬಿಳಿ ಅಂಗಿಯ ಕಿಸೆಗೆ ಹತ್ತಿ, ಎರಡು ಸಲ ಒಗೆದರೂ ಹೋಗಲಿಲ್ಲ. ವಿವರದ ಮನೆ ಕಿರಿದಾದ್ದರಿಂದ ಉದ್ದ ಸಾಲುಗಳು ಮುರಿಯುತ್ತವೆ. ನನ್ನ ಸಾಲುಗಳು ಈಚೆಗೆ ಚಿಕ್ಕವಾಗಿರುವುದಕ್ಕೆ ಇದೇ ಕಾರಣವಿರಬಹುದು, ಅದರಿಂದ ಕೆಡುಕಾಗಿದೆ ಎನಿಸುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಧಾಟಿಗೆ ಇದರಲ್ಲಿ ಜಾಗವಿಲ್ಲ. ಹಾಡು ಕಟ್ಟುವವರು ಗುನುಗಿದ್ದನ್ನು ಫೋನಿನಲ್ಲೇ ಧ್ವನಿಮುದ್ರಿಸಿಕೊಳ್ಳಬೇಕು. ಆದರೆ ಮಾತನ್ನು ಬರೆದುಕೊಳ್ಳಲು ಫೋನನ್ನು ನಾನು ಒಪ್ಪುವುದಿಲ್ಲ: ‘ಐತೆ’ ಎಂದು ಒತ್ತಿದರೆ ಅದರ ಕೀಲಿಮಣೆ ‘ಇದೆ’ ಎಂದು ತಿದ್ದಲು ನೋಡುತ್ತದೆ, ಹೋಯಿತು ಅಲ್ಲಿಗೆ ಪಲ್ಲವಿ.

ನಾಲ್ಕು ತಿಂಗಳಲ್ಲಿ ಜಮಾ ಪುಟಗಳು ಪೂರ್ತಿ ತುಂಬಿವೆ. ಖರ್ಚಿನ ಪುಟಗಳಲ್ಲಿ ಮುಗಿದ ಹಾಡುಗಳು ಆರು, ಅವುಗಳಲ್ಲಿ ಇನ್ನೊಬ್ಬರ ಮುಂದೆ ಹಾಡಬಹುದಾದವು ಎರಡು. ಕೊಳ್ಳುವವರು ದೀಪಾವಳಿಗೆ ಮೊದಲೇ ಹೋಗುವುದು ಲೇಸು, ಆ ಹೊತ್ತಿಗೆ ಹೊಸ ಲೆಕ್ಕದ ಪುಸ್ತಕಗಳಿಗಾಗಿ ಅಂಗಡಿಗಳಲ್ಲಿ ನೂಕುನುಗ್ಗಲು. ಡಜನ್ ಲೆಕ್ಕದಲ್ಲಿ ಕೊಂಡರೆ ಬೆಲೆ ಇಳಿಸುತ್ತಾರೆ. ಮೊನ್ನೆ ಎರಡನೆಯದನ್ನು ಕೊಳ್ಳಲು ಹೋಗಿ ಒಂದೇ ಸಾಕೆಂದಾಗ ಅಂಗಡಿಯವರು ‘ಯಾವ ವ್ಯಾಪಾರ ಸಾರ್ ನಿಮ್ದು?’ ಎಂದು ಕೇಳಿದರು. ಸೊಪ್ಪಿನದು ಎಂದೆ.