ಜರ್ಮನ್ ಕಲಾ ಕ್ಯಾಟಲಾಗ್ ಇಂಗ್ಲಿಷಿಗೆ: ಯಾವ ಆಕರವನ್ನು ಎಲ್ಲಿಯವರೆಗೆ ನಂಬಬಹುದು?

ಜರ್ಮನ್ ಹರಾಜು ಸಂಸ್ಥೆಯ ಅಥವಾ ಮ್ಯೂಸಿಯಂನ ಕ್ಯಾಟಲಾಗನ್ನು ಇಂಗ್ಲಿಷಿಗೆ ತರುವಾಗ ಕೆಲಸ ಕೆಡಿಸುವುದು ಗೊತ್ತಿಲ್ಲದ ಪದಗಳಲ್ಲ. ಗೊತ್ತಿಲ್ಲದ್ದನ್ನು ಯಾರಾದರೂ ಹುಡುಕಿಯೇ ಹುಡುಕುತ್ತಾರೆ. ಗೊತ್ತಿದೆ ಎಂದುಕೊಂಡು ದಾಟಿಬಿಡುವ ಪದಗಳೇ ಅಪಾಯಕಾರಿ. ಅನುವಾದಕರ ಕೈಗೆ ಸುಲಭವಾಗಿ ಸಿಗುವ ಆಕರಗಳು ಐದು: ಯಂತ್ರಾನುವಾದ, ಆನ್‌ಲೈನ್ ನಿಘಂಟು, ಗೆಟ್ಟಿಯ ಕಲಾಪದಕೋಶ, ಹರಾಜು ಸಂಸ್ಥೆಗಳ ಪದವಿವರಣೆ, ದ್ವಿಭಾಷಾ ಮ್ಯೂಸಿಯಂ ಜಾಲತಾಣ. ಒಂದೇ ಬಗೆಯ ನಮೂದುಗಳನ್ನು ಇವೆಲ್ಲದರ ಮುಂದಿಟ್ಟು ನೋಡಿದಾಗ ಕಂಡದ್ದು ಇಷ್ಟು.

ಯಂತ್ರಾನುವಾದ ಪೀಠಿಕೆ, ಕಲಾವಿದನ ಜೀವನ, ಚಿತ್ರದ ವಿವರಣೆಯಂಥ ಪೂರ್ಣ ವಾಕ್ಯಗಳಲ್ಲಿ ಚೆನ್ನಾಗಿಯೇ ನಡೆಯುತ್ತದೆ. ತಂತ್ರ, ಕಾಗದ, ಅಳತೆ ಹೇಳುವ ತಾಂತ್ರಿಕ ಸಾಲು ಬಂದ ಕೂಡಲೇ ಎಡವುತ್ತದೆ. ಆ ಸಾಲಿನಲ್ಲಿ ಕ್ರಿಯಾಪದ ಇರುವುದಿಲ್ಲ, ಅರ್ಧಕ್ಕರ್ಧ ಸಂಕ್ಷೇಪಗಳು, ಪ್ರತಿ ಸಂಕ್ಷೇಪಕ್ಕೂ ಒಂದು ಚುಕ್ಕಿ. ಚುಕ್ಕಿ ಕಂಡಲ್ಲೆಲ್ಲ ಯಂತ್ರ ವಾಕ್ಯ ಮುಗಿಯಿತೆಂದು ತುಂಡು ಮಾಡಬಹುದು. ಸಂಕ್ಷೇಪಗಳನ್ನು ಮೊದಲೇ ಬಿಡಿಸಿ ಬರೆದು ಕೊಟ್ಟರೆ ಫಲಿತಾಂಶ ಎಷ್ಟೋ ಸುಧಾರಿಸುತ್ತದೆ.

ಆದರೂ ಉಳಿಯುವ ತಪ್ಪುಗಳಿವೆ. 'ತ್ಸುಷ್ಟಾಂಟ್' ಎಂಬ ಪದವನ್ನೇ ನೋಡಿ. ಮುದ್ರಣಚಿತ್ರದ ನಮೂದಿನಲ್ಲಿ ಅದರ ಹಿಂದೆ ಅಂಕೆಯೋ ರೋಮನ್ ಸಂಖ್ಯೆಯೋ ಇದ್ದರೆ ಅದು 'ಸ್ಟೇಟ್', ಅಂದರೆ ಮುದ್ರಣದ ತಟ್ಟೆಯನ್ನು ಕಲಾವಿದ ತಿದ್ದಿದ ಹಂತ. ನಮೂದಿನ ಕೊನೆಯಲ್ಲಿ ಒಂಟಿಯಾಗಿ ಬಂದರೆ 'ಕಂಡಿಷನ್', ಕಾಗದದ ಸ್ಥಿತಿ. ಎರಡೂ ಒಂದೇ ನಮೂದಿನಲ್ಲಿ ಬರುವುದು ಸಾಮಾನ್ಯ. 'ವೆಲೀನ್' ಇನ್ನೂ ಕೆಟ್ಟದ್ದು. ಜರ್ಮನ್‌ನಲ್ಲಿ ಅದು ಗೆರೆಗಳಿಲ್ಲದ ನುಣುಪು ಕಾಗದ, ಇಂಗ್ಲಿಷಿನ 'ವೋವ್ ಪೇಪರ್'. ಅದನ್ನು 'ವೆಲಮ್' ಎಂದು ಬಿಟ್ಟರೆ ಕಾಗದ ಚರ್ಮವಾಗಿಬಿಡುತ್ತದೆ. ರೆಂಬ್ರಾಂಟ್ ನಿಜವಾಗಿಯೂ ಕೆಲವು ಪ್ರತಿಗಳನ್ನು ಚರ್ಮಪತ್ರದ ಮೇಲೆ ಮುದ್ರಿಸಿದ್ದಾನೆ, ಹಾಗಾಗಿ ಓದುವವರಿಗೆ ಅನುಮಾನವೂ ಬರುವುದಿಲ್ಲ. ಬೆಲೆ ಮಾತ್ರ ಅದಲುಬದಲಾಗುತ್ತದೆ.

'ಫಾಸುಂಗ್' ಮೂರು ಮುಖದ ಪದ. ಸ್ವಿಸ್ ಚಿತ್ರಕಾರ ಬ್ಯೋಕ್ಲಿನ್ 'ಸತ್ತವರ ದ್ವೀಪ'ವನ್ನು 1880ರಿಂದ 1886ರ ನಡುವೆ ಐದು ಬಾರಿ ಚಿತ್ರಿಸಿದ. ಬರ್ಲಿನ್‌ನಲ್ಲಿರುವುದು ಮೂರನೆಯದು, 1883ರದ್ದು. ಅಲ್ಲಿ 'ಮೂರನೇ ಫಾಸುಂಗ್' ಎಂದರೆ 'ಥರ್ಡ್ ವರ್ಷನ್'. ಮರದ ಶಿಲ್ಪದ ಪಕ್ಕದಲ್ಲಿ ಅದೇ ಪದ ಬಂದರೆ ಬಣ್ಣದ ಲೇಪ, 'ಪಾಲಿಕ್ರೋಮಿ'. ಜರ್ಮನ್ ಶಿಲ್ಪಿ ರೀಮೆನ್‌ಶ್ನೈಡರ್ ಮ್ಯೂನರ್‌ಷ್ಟಾಟ್ ಊರಿನ ಚರ್ಚಿನ ಮರದ ಬಲಿಪೀಠವನ್ನು 1490–92ರಲ್ಲಿ ಬಣ್ಣ ಹಚ್ಚದೆಯೇ ಕೊಟ್ಟ, ಮುಂದೆ ಬಣ್ಣ ಹಚ್ಚಿದವನು ಫೈಟ್ ಷ್ಟೋಸ್. ಇಂಥ ಕೃತಿಯ ಬಗ್ಗೆ 'ವರ್ಷನ್' ಎಂದು ಬರೆದರೆ ಇತಿಹಾಸವೇ ತಿರುಗುಮುರುಗು. ಒಡವೆಯಲ್ಲಾದರೆ ಅದು ಕಲ್ಲು ಕೂರಿಸುವ ಕಟ್ಟು.

ಆನ್‌ಲೈನ್ ನಿಘಂಟುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಲಿಯೋ, ಡಿಕ್ಟ್ ಸಿಸಿ ಎರಡೂ ಸಾಧ್ಯವಿರುವ ಅರ್ಥಗಳ ಸಾಲನ್ನು ಕೊಡುತ್ತವೆ, ಆಯ್ಕೆ ನಮ್ಮದೇ. ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಮೇಲಿನ ಹಂತದವರೆಗೆ ಜರ್ಮನ್ ಕಲಿತವರೂ ಈ ಸಾಲಿನ ಮುಂದೆ ತಬ್ಬಿಬ್ಬಾದರೆ ಆಶ್ಚರ್ಯವಿಲ್ಲ. ಇದು ಭಾಷೆಯ ಪ್ರಶ್ನೆಯಲ್ಲ, ಕಸುಬಿನದು.

ತಂತ್ರ ಮತ್ತು ಸಾಮಗ್ರಿಯ ಪದಗಳಿಗೆ ಗೆಟ್ಟಿಯ ಕಲಾ ಮತ್ತು ವಾಸ್ತುಶಿಲ್ಪ ಪದಕೋಶವನ್ನು ಮೀರಿಸುವುದು ಬೇರೊಂದಿಲ್ಲ. ಉಚಿತ. ಪ್ರತಿ ಪರಿಕಲ್ಪನೆಗೆ 300ರಿಂದ ಶುರುವಾಗುವ ಒಂಬತ್ತು ಅಂಕೆಯ ಗುರುತು, ಅದರ ಕೆಳಗೆ ವ್ಯಾಖ್ಯೆ, ಹಲವಕ್ಕೆ ಜರ್ಮನ್ ಪರ್ಯಾಯ. ಮೊದಲು ವ್ಯಾಖ್ಯೆ ಓದಬೇಕು, ಪದ ಆಮೇಲೆ. 'ಹೋಲ್ಟ್ಸ್‌ಶ್ನಿಟ್' ಮತ್ತು 'ಹೋಲ್ಟ್ಸ್‌ಷ್ಟಿಶ್' ಎರಡನ್ನೂ 'ವುಡ್‌ಕಟ್' ಎಂದು ಬರೆಯುವವರಿದ್ದಾರೆ. ಮೊದಲನೆಯದು ಮರದ ಉದ್ದನಾರಿನ ಹಲಗೆಯ ಮೇಲೆ ಚಾಕುವಿನಿಂದ ಕೆತ್ತಿದ್ದು, ಡ್ಯೂರರ್‌ನ 1498ರ ಅಪೋಕ್ಯಾಲಿಪ್ಸ್ ಸರಣಿಯಂತೆ. ಎರಡನೆಯದು ಅಡ್ಡ ಕೊಯ್ದ ಗಟ್ಟಿ ಮರದ ಮೇಲೆ ಲೋಹದ ಕೆತ್ತುವ ಉಳಿಯಿಂದ ಮಾಡಿದ್ದು, ಅದು 'ವುಡ್ ಎನ್‌ಗ್ರೇವಿಂಗ್'. ಈ ಪದಕೋಶ ಕ್ರಿಯೆಯನ್ನೂ ವಸ್ತುವನ್ನೂ ಬೇರೆ ಬೇರೆ ಇಡುತ್ತದೆ ಎಂಬುದು ನೆನಪಿರಲಿ: ಆಮ್ಲದಿಂದ ತಟ್ಟೆ ಕೊರೆಯುವ ವಿಧಾನ ಒಂದು ನಮೂದು, ಅದರಿಂದ ಬಂದ ಚಿತ್ರ ಇನ್ನೊಂದು. 'ಬ್ಯೂಟನ್' ಎಂಬ ಕಾಗದವನ್ನು ಹಲವರು ಕಣ್ಣುಮುಚ್ಚಿ 'ಲೇಡ್ ಪೇಪರ್', ಅಂದರೆ ಗೆರೆಗಳು ಕಾಣುವ ಕಾಗದ, ಮಾಡುತ್ತಾರೆ. ಅದು ತೊಟ್ಟಿಯಿಂದ ಕೈಯಲ್ಲಿ ಎತ್ತಿದ ಕಾಗದ. ಗೆರೆ ಇರಬಹುದು, ಇಲ್ಲದಿರಬಹುದು. ಮೂಲದಲ್ಲಿ ಗೆರೆಯ ಮಾತಿಲ್ಲದಿದ್ದರೆ 'ಹ್ಯಾಂಡ್‌ಮೇಡ್' ಎಂದು ನಿಲ್ಲಿಸುವುದೇ ಲೇಸು.

ಕರ್ತೃತ್ವದ ಪದಗಳಿಗೆ ಕ್ರಿಸ್ಟೀಸ್, ಸದಬೀಸ್ ಹರಾಜು ಸಂಸ್ಥೆಗಳ ಕ್ಯಾಟಲಾಗ್‌ಗಳಲ್ಲಿ ಬರುವ ಪದವಿವರಣೆಯೇ ಗಟ್ಟಿ ಆಧಾರ, ಏಕೆಂದರೆ ಅದು ಮಾರಾಟದ ಷರತ್ತುಗಳ ಜೊತೆ ಸೇರಿಕೊಂಡಿದೆ. 'ತ್ಸುಗೆಶ್ರೀಬೆನ್' 'ಅಟ್ರಿಬ್ಯೂಟೆಡ್ ಟು' ಆಗುತ್ತದೆ: ಪೂರ್ತಿಯೋ ಭಾಗಶಃವೋ ಬಹುಶಃ ಆ ಕಲಾವಿದನದೇ. 'ಉಮ್‌ಕ್ರೈಸ್' 'ಸರ್ಕಲ್ ಆಫ್': ಅವನ ಕಾಲದ್ದು, ಅವನ ಪ್ರಭಾವವಿದೆ. 'ನಾಖ್‌ಫೋಲ್ಗರ್' 'ಫಾಲೋವರ್ ಆಫ್': ಶೈಲಿ ಅವನದು, ಶಿಷ್ಯನೇ ಆಗಬೇಕಿಲ್ಲ. 'ಆರ್ಟ್ ಡೆಸ್' ಎಂಬುದಕ್ಕೆ ಕಲೆಯ ಸಂಬಂಧವೇ ಇಲ್ಲ, ಅದು 'ಮ್ಯಾನರ್ ಆಫ್': ಶೈಲಿ ಅವನದು, ಕಾಲ ನಂತರದ್ದು. ಒಂದು ಮೆಟ್ಟಿಲು ಮೇಲಕ್ಕೋ ಕೆಳಕ್ಕೋ ಜಾರಿದರೂ ಗ್ರಾಹಕರಿಗೆ ನಷ್ಟ. ತೊಡಕಿರುವುದು 'ಬೆತ್ಸೈಶ್ನೆಟ್'ನಲ್ಲಿ. ಹಳೆಯ ಜರ್ಮನ್ ಕ್ಯಾಟಲಾಗ್‌ಗಳು ಸಹಿಯನ್ನೂ ಬೇರೆ ಬರಹವನ್ನೂ ಅದೊಂದೇ ಪದದಲ್ಲಿ ಮುಗಿಸುತ್ತಿದ್ದವು. ಚಿತ್ರ ನೋಡದೆ 'ಸೈನ್ಡ್' ಎಂದು ಬರೆಯುವಂತಿಲ್ಲ, 'ಇನ್‌ಸ್ಕ್ರೈಬ್ಡ್' ಎಂದಿಟ್ಟು ಕ್ಯಾಟಲಾಗ್ ಸಂಪಾದಕರಿಗೆ ಪ್ರಶ್ನೆ ಕಳಿಸಬೇಕು.

ಪದ ಸರಿಯಾದ ಮೇಲೂ ಇಂಗ್ಲಿಷ್ ನಮೂದಿನ ಧಾಟಿ ಬರಬೇಕಲ್ಲ. ಅದಕ್ಕೆ ಫ್ರಾಂಕ್‌ಫರ್ಟ್‌ನ ಷ್ಟೇಡೆಲ್ ಮ್ಯೂಸಿಯಂನ ಡಿಜಿಟಲ್ ಸಂಗ್ರಹ ಉಪಯುಕ್ತ, ಒಂದೇ ಕೃತಿಯ ಪುಟವನ್ನು ಎರಡೂ ಭಾಷೆಯಲ್ಲಿ ಓದಬಹುದು. ಜರ್ಮನ್‌ನಲ್ಲಿ 'ಕಂದು ಬಣ್ಣದಲ್ಲಿ ಲೇಖನಿ' ಎಂದಿರುವುದು ಇಂಗ್ಲಿಷ್‌ನಲ್ಲಿ 'ಪೆನ್ ಅಂಡ್ ಬ್ರೌನ್ ಇಂಕ್' ಆಗುತ್ತದೆ, ಶಾಯಿ ಎಂಬ ಪದ ಸೇರಲೇಬೇಕು. ಆದರೆ ಒಂದು ಮ್ಯೂಸಿಯಂನ ರೂಢಿ ಇನ್ನೊಂದರದ್ದಲ್ಲ. ಚೌಕಟ್ಟಿನೊಳಗಿನ ರಟ್ಟನ್ನು ಬ್ರಿಟನ್‌ನಲ್ಲಿ 'ಮೌಂಟ್' ಎನ್ನುತ್ತಾರೆ, ಅಮೆರಿಕದಲ್ಲಿ 'ಮ್ಯಾಟ್'. ಯಾರಿಗಾಗಿ ಬರೆಯುತ್ತಿದ್ದೇವೆ ಎಂದು ಮೊದಲೇ ಕೇಳಿಕೊಳ್ಳಬೇಕು.

ಕೆಲಸದ ಕ್ರಮ ಹೀಗಿದ್ದರೆ ಸಮಯ ಉಳಿಯುತ್ತದೆ: ಸಂಕ್ಷೇಪ ಬಿಡಿಸಿ, ವಾಕ್ಯಗಳನ್ನಷ್ಟೇ ಯಂತ್ರಕ್ಕೆ ಕೊಟ್ಟು, ತಾಂತ್ರಿಕ ಸಾಲುಗಳನ್ನು ಕೈಯಲ್ಲೇ ಮಾಡುವುದು. ಯಂತ್ರದ ಪದಪಟ್ಟಿ ಸೌಲಭ್ಯಕ್ಕೆ 'ಕಾಲ್ಟ್‌ನಾಡೆಲ್' ಎಂದರೆ 'ಡ್ರೈಪಾಯಿಂಟ್' ಎಂಬಂಥ ಒಂದೇ ಅರ್ಥದ ಜೋಡಿಗಳನ್ನು ಮಾತ್ರ ಸೇರಿಸಬೇಕು. 'ತ್ಸುಷ್ಟಾಂಟ್', 'ಫಾಸುಂಗ್' ಅಲ್ಲಿಗೆ ಹೋದರೆ ಒಂದೇ ತಪ್ಪು ಎಲ್ಲ ನಮೂದುಗಳಿಗೂ ಹರಡುತ್ತದೆ. ಅವನ್ನು ಕೊನೆಯಲ್ಲಿ ಮೂಲದಲ್ಲೇ ಹುಡುಕಿ ಒಂದೊಂದಾಗಿ ನೋಡಬೇಕು. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ, ಇದು ಎರಡೂ ಕಡೆ ಒಂದೇ. ಬದಲಾಗುವುದು ದಶಮಾಂಶ: 23,5 ಇದ್ದದ್ದು 23.5 ಆಗಬೇಕು, 1.250 ಯೂರೋ ಇದ್ದದ್ದು 1,250. ತಟ್ಟೆಯ ಅಳತೆಗೂ ಹಾಳೆಯ ಅಳತೆಗೂ ಜರ್ಮನ್‌ನಲ್ಲಿ 'ಪ್ಲಾಟೆ', 'ಬ್ಲಾಟ್' ಎಂದು ಒಂದೆರಡು ಅಕ್ಷರದ ಅಂತರ ಅಷ್ಟೇ ಇರುವುದರಿಂದ, ಚಿಕ್ಕ ಸಂಖ್ಯೆ ತಟ್ಟೆಯ ಪಕ್ಕದಲ್ಲೇ ಬಿದ್ದಿದೆಯೇ ಎಂದು ಕಣ್ಣು ಹಾಯಿಸಿದರೆ ಸಾಕು.