ಜಗಲಿಯ ಸೀಕೋಶಾ: ಹಳೆಯ ಗೋಡೆ ಗಡಿಯಾರದೊಂದಿಗೆ ಒಂಬತ್ತು ವರ್ಷ

ಸಾಗರದ ಹತ್ತಿರದ ನಮ್ಮ ಹಳೆಯ ಮನೆಯ ಜಗಲಿಯಲ್ಲಿ ಅಜ್ಜನ ಕಾಲಕ್ಕೆ ಒಂದು ಗಡಿಯಾರವಿತ್ತು. ಪಾಲಾದಾಗ ಅದು ದೊಡ್ಡಪ್ಪನ ಮನೆಗೆ ಹೋಯಿತು. ಗೋಡೆಯಲ್ಲಿ ಮೊಳೆಯೊಂದು ಉಳಿಯಿತು. ಮನೆ ರಿಪೇರಿ ಮಾಡಿಸಿದ ಮೇಲೂ ಆ ಮೊಳೆಯನ್ನು ಕೀಳಲು ಅಮ್ಮ ಬಿಡಲಿಲ್ಲ. ಆ ಜಾಗಕ್ಕೆಂದು ನಾನು ಮುಂಬೈಯ ಚೋರ್ ಬಜಾರಿನಿಂದ ಜಪಾನಿನ ಸೀಕೋಶಾ ಕಾರ್ಖಾನೆಯ ಗಡಿಯಾರವೊಂದನ್ನು ತಂದು ಈಗ ಒಂಬತ್ತು ವರ್ಷ. ಕೊಟ್ಟದ್ದು ಒಂಬತ್ತೂವರೆ ಸಾವಿರ ರೂಪಾಯಿ. ಮನೆಯ ಅಂದಕ್ಕೆ ಹಳೆಯ ಗಡಿಯಾರ ಕೊಳ್ಳಬೇಕೆಂದಿರುವವರಿಗೆ ಈ ಅನುಭವ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಒಮ್ಮೆ ಮೋಸಹೋಗಿದ್ದೆ. ಬೆಂಗಳೂರಿನ ಅಂಗಡಿಯೊಂದರಲ್ಲಿ ಪ್ರಸಿದ್ಧ ಅಮೆರಿಕನ್ ಕಂಪನಿಯ ಹೆಸರಿದ್ದ, ಕೆತ್ತನೆ ತುಂಬಿದ ದೊಡ್ಡ ಗಡಿಯಾರವನ್ನು ನೂರು ವರ್ಷದ್ದು ಎಂದು ನಂಬಿ ಕೊಂಡೆ. ನಾಲ್ಕೇ ತಿಂಗಳಲ್ಲಿ ನಿಂತುಹೋಯಿತು. ಬಿಚ್ಚಿಸಿ ನೋಡಿದರೆ ಪೆಟ್ಟಿಗೆ ಹೊಸ ಮರದ್ದು, ಚಹಾದ ಬಣ್ಣ ಬರುವಂತೆ ಪಾಲಿಶ್ ಮಾಡಿದ್ದು. ಡಯಲ್ ಮುದ್ರಿಸಿ ಅಂಟಿಸಿದ ಕಾಗದ. ಒಳಗಿನ ಯಂತ್ರ ಎರಡು ಮೂರು ಗಡಿಯಾರಗಳ ಭಾಗಗಳನ್ನು ಕೂಡಿಸಿದ್ದು. ಯಂತ್ರವನ್ನು ಪೆಟ್ಟಿಗೆಗೆ ಬಿಗಿದಿದ್ದ ತಿರುಪುಗಳ ತಲೆಯಲ್ಲಿ ಪ್ಲಸ್ ಗುರುತಿತ್ತು. ಅಂಥ ತಿರುಪು ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ನೂರು ವರ್ಷದ ಗಡಿಯಾರದಲ್ಲಿ ಕಾರ್ಖಾನೆಯವರೇ ಅದನ್ನು ಹಾಕಿರಲು ಸಾಧ್ಯವಿಲ್ಲ. ರಿಪೇರಿಯವರು ಆಮೇಲೆ ಹಾಕಿರಬಹುದು ನಿಜ, ಆದರೆ ಎಲ್ಲ ತಿರುಪುಗಳೂ ಅಂಥವೇ ಆದರೆ ಅನುಮಾನಪಡಲೇಬೇಕು.

ಹಾಗಾಗಿ ಮುಂಬೈಯಲ್ಲಿ ಅಂದಕ್ಕೆ ಮರುಳಾಗಲಿಲ್ಲ. ಪೆಟ್ಟಿಗೆಯನ್ನು ಗೋಡೆಯಿಂದ ಇಳಿಸಿ ಹಿಂಬದಿ ನೋಡಿದೆ. ಹಳೆಯ ಮರ ಹಿಂಬದಿಯಲ್ಲಿ ಪಾಲಿಶ್ ಇಲ್ಲದೆ, ತಾನಾಗಿ ಕಪ್ಪೇರಿರುತ್ತದೆ. ಲೋಲಕವನ್ನು ಬಿಚ್ಚಿಸಿ ಯಂತ್ರದ ಹಿತ್ತಾಳೆ ಫಲಕಕ್ಕೆ ಟಾರ್ಚ್ ಹಿಡಿದೆ. ಚಕ್ರಗಳ ಅಚ್ಚಿನ ತುದಿ ಕೂರುವ ರಂಧ್ರಗಳು ದುಂಡಗಿರಬೇಕು. ಎಷ್ಟೋ ವರ್ಷ ಎಣ್ಣೆಯಿಲ್ಲದೆ ಓಡಿದ ಗಡಿಯಾರಗಳಲ್ಲಿ ಅವು ಒಂದು ಬದಿಗೆ ಸವೆದು ಮೊಟ್ಟೆಯ ಆಕಾರಕ್ಕೆ ಬಂದಿರುತ್ತವೆ. ರಂಧ್ರದ ಸುತ್ತ ಉಳಿಯಿಂದ ಹೊಡೆದ ಚುಕ್ಕಿಗಳು ಕಂಡರೆ, ಯಾರೋ ಹೊಸ ಬುಷ್ (ರಂಧ್ರದೊಳಗೆ ಕೂರಿಸುವ ಲೋಹದ ಪುಟ್ಟ ಬಳೆ) ಹಾಕುವ ಬದಲು ಲೋಹವನ್ನು ಒತ್ತಿ ಸರಿಪಡಿಸಿದ್ದಾರೆಂದು ಅರ್ಥ. ನನ್ನದರಲ್ಲಿ ಎರಡು ರಂಧ್ರಗಳು ಸವೆದಿದ್ದವು, ಉಳಿದವು ಚೆನ್ನಾಗಿದ್ದವು. ಗಾಜಿನ ಒಂದು ಮೂಲೆ ಒಡೆದಿದ್ದರಿಂದ ಬೆಲೆಯೂ ಇಳಿಯಿತು.

ಸೀಕೋಶಾವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಟೋಕಿಯೋದಲ್ಲಿ ಕಿಂತಾರೊ ಹತ್ತೋರಿ 1892ರಲ್ಲಿ ಶುರು ಮಾಡಿದ ಆ ಕಾರ್ಖಾನೆ ಮೊದಲು ತಯಾರಿಸಿದ್ದೇ ಗೋಡೆ ಗಡಿಯಾರಗಳನ್ನು. ಇಂದಿನ ಸೀಕೋ ಕಂಪನಿಯ ಬೇರು ಅದು. ನಮ್ಮ ದೇಶದ ಹಳೆಯ ಮನೆಗಳಲ್ಲಿ ಇವು ಸಾಕಷ್ಟಿವೆ. ಯಂತ್ರ ಸರಳ, ಬಿಡಿಭಾಗ ಹುಡುಕಿದರೆ ಸಿಗುತ್ತದೆ, ರಿಪೇರಿ ಬಲ್ಲವರ ಕೈಗೆ ಪರಿಚಯವಿದೆ. ನಕ್ಷತ್ರದೊಳಗೆ ಜೆ ಅಕ್ಷರದ ಗುರುತಿರುವ ಜರ್ಮನಿಯ ಯುಂಗ್‌ಹಾನ್ಸ್ ಕೂಡ ಒಳ್ಳೆಯದೇ. ಚಿಕ್ಕಪ್ಪನ ಮನೆಯಲ್ಲಿ ಅದಿದೆ, ಅದರ ಗಂಟೆಯ ನಾದ ನಮ್ಮದಕ್ಕಿಂತ ಇಂಪು.

ಊರಿಗೆ ತಂದ ಮೊದಲ ವಾರ ಅದು ಓಡಲೇ ಇಲ್ಲ. ಕೀ ಕೊಟ್ಟರೆ ಹತ್ತು ನಿಮಿಷ ಓಡಿ ನಿಲ್ಲುತ್ತಿತ್ತು. ಪುನಃ ಮೋಸಹೋದೆನೆಂದು ಸಂಕಟವಾಯಿತು. ಶಿವಮೊಗ್ಗದಿಂದ ಬಂದ ರಿಪೇರಿಯ ಹಿರಿಯರು ಪೆಟ್ಟಿಗೆಯನ್ನು ಬಿಚ್ಚಲೂ ಇಲ್ಲ. ಕಣ್ಣು ಮುಚ್ಚಿ, ಕಿವಿಯನ್ನು ಮರಕ್ಕೆ ಒತ್ತಿ ನಿಂತರು. “ಕುಂಟುತ್ತಿದೆ, ಕೇಳಿ” ಎಂದರು. ನಾನೂ ಕಿವಿಯಿಟ್ಟೆ. ಟಿಕ್ ಮತ್ತು ಟಾಕ್ ನಡುವಿನ ಬಿಡುವು ಒಂದೇ ಸಮ ಇರಲಿಲ್ಲ. ಟಿಕ್ ಆದೊಡನೆ ಟಾಕ್, ಆಮೇಲೆ ದೀರ್ಘ ಮೌನ. ಅವರು ಪೆಟ್ಟಿಗೆಯ ಕೆಳತುದಿಯನ್ನು ಎಡಕ್ಕೆ ಕೂದಲೆಳೆಯಷ್ಟು ಸರಿಸಿದರು, ಇನ್ನೂ ಸ್ವಲ್ಪ ಸರಿಸಿದರು. ಸದ್ದು ಸಮವಾಯಿತು. ಪೆಟ್ಟಿಗೆ ಕದಲದಂತೆ ಕೆಳಗೆ ಅಡಿಕೆ ದಬ್ಬೆಯ ಚೂರೊಂದನ್ನು ಸಿಕ್ಕಿಸಿದರು. ಆ ಚೂರು ಇಂದಿಗೂ ಅಲ್ಲಿದೆ. ನಮ್ಮ ಗೋಡೆ ಮಣ್ಣಿನದು, ನೇರವಿಲ್ಲ. ಗಡಿಯಾರ ಕಣ್ಣಿಗೆ ತುಸು ವಾಲಿದಂತೆ ಕಾಣುತ್ತದೆ. ನೆಂಟರು ಬಂದಾಗಲೆಲ್ಲ ಅದನ್ನು ನೇರ ಮಾಡಲು ಕೈ ಹಾಕುತ್ತಾರೆ, ಅಮ್ಮ ತಡೆಯುತ್ತಾರೆ.

ಇದು ಎಂಟು ದಿನದ ಗಡಿಯಾರ, ಒಮ್ಮೆ ಕೀ ಕೊಟ್ಟರೆ ಎಂಟು ದಿನ ಓಡುತ್ತದೆ. ಡಯಲ್‌ನ ಎರಡು ರಂಧ್ರಗಳಲ್ಲಿ ಬಲಗಡೆಯದು ಓಟಕ್ಕೆ, ಎಡಗಡೆಯದು ಗಂಟೆ ಹೊಡೆಯಲಿಕ್ಕೆ. ಭಾನುವಾರ ಬೆಳಿಗ್ಗೆ ಎರಡಕ್ಕೂ ಕೀ ಕೊಡುತ್ತೇನೆ. ಅರ್ಧ ಗಂಟೆಗೊಮ್ಮೆಯೂ ಹೊಡೆಯುವುದರಿಂದ ದಿನಕ್ಕೆ ಒಟ್ಟು 180 ಹೊಡೆತ. ಮಲಗುವ ಕೋಣೆಯ ಪಕ್ಕದ ಗೋಡೆಗೆ ಹಾಕುವವರು ಈ ಲೆಕ್ಕವನ್ನು ಮೊದಲೇ ತಿಳಿದಿರಲಿ. ಗಂಟೆ ಬೇಡವೆಂದರೆ ಎಡಗಡೆಯ ಕೀ ಕೊಡದೆ ಬಿಟ್ಟರಾಯಿತು.

ಒಂದು ತಪ್ಪನ್ನು ನಾನೇ ಮಾಡಿದ್ದೇನೆ. ನಿಂತಿದ್ದ ಗಡಿಯಾರದ ದೊಡ್ಡ ಮುಳ್ಳನ್ನು ಗಂಟೆ ಹೊಡೆಯಲು ಬಿಡದೆ ಅವಸರದಲ್ಲಿ ಸುತ್ತಿಸಿದೆ. ಆಮೇಲೆ ಮೂರು ಗಂಟೆಗೆ ಏಳು ಹೊಡೆಯತೊಡಗಿತು. ಇಂಥ ಗಡಿಯಾರಗಳಲ್ಲಿ ಹೊಡೆತದ ಎಣಿಕೆಗೆ ಬೇರೆಯೇ ಚಕ್ರವಿರುತ್ತದೆ. ಮುಳ್ಳು ಎಲ್ಲಿದೆಯೆಂಬುದು ಅದಕ್ಕೆ ತಿಳಿಯದು. ನಮ್ಮದರಲ್ಲಿ ಡಯಲ್‌ನ ಕೆಳಗೆ ಇಳಿದಿರುವ ತಂತಿಯನ್ನು ಎತ್ತಿದಷ್ಟು ಸಲ ಅದು ಮುಂದಿನ ಲೆಕ್ಕ ಹೊಡೆಯುತ್ತದೆ, ಮುಳ್ಳಿಗೆ ಹೊಂದುವವರೆಗೆ ಎತ್ತುತ್ತಾ ಹೋಗಬೇಕು.

ಸಮಯದ ವಿಷಯಕ್ಕೆ ಬಂದರೆ, ವಾರಕ್ಕೆ ಎರಡು ಮೂರು ನಿಮಿಷದ ವ್ಯತ್ಯಾಸ. ಲೋಲಕದ ಗುಂಡಿನ ಕೆಳಗಿನ ಪುಟ್ಟ ನಟ್ಟನ್ನು ತಿರುಗಿಸಿ ಸರಿಪಡಿಸಬಹುದು: ಗುಂಡು ಇಳಿದರೆ ನಿಧಾನ, ಏರಿದರೆ ವೇಗ. ಇಪ್ಪತ್ತೈದು ಸೆಂಟಿಮೀಟರ್ ಉದ್ದದ ಲೋಲಕ ಕಾಲು ಮಿಲಿಮೀಟರ್ ಇಳಿದರೂ ದಿನಕ್ಕೆ ಸುಮಾರು 43 ಸೆಕೆಂಡ್ ಹಿಂದೆ ಬೀಳುತ್ತದೆ. ಆದ್ದರಿಂದ ನಟ್ಟನ್ನು ಕಾಲು ಸುತ್ತು ತಿರುಗಿಸಿ ಎರಡು ದಿನ ಕಾಯಬೇಕು.

ನಮ್ಮ ಮಳೆಗಾಲ ಇದಕ್ಕೆ ದೊಡ್ಡ ಶತ್ರು. ಮೂರನೆಯ ವರ್ಷ ಪೆಟ್ಟಿಗೆಗೆ ಅಂಟಿಸಿದ್ದ ತೆಳುಮರದ ಪದರ ಒಂದು ಕಡೆ ಎದ್ದಿತು. ಐದನೆಯ ವರ್ಷ ಹಿಂಬದಿಯ ಹಲಗೆಗೆ ಗೆದ್ದಲು ಹತ್ತಿತು. ಈಗ ಗೋಡೆಗೂ ಪೆಟ್ಟಿಗೆಗೂ ನಡುವೆ ಬೆರಳು ಹೋಗುವಷ್ಟು ಗಾಳಿಯಾಡಲು ಜಾಗ ಬಿಟ್ಟಿದ್ದೇನೆ. ಎಣ್ಣೆಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಕೊಬ್ಬರಿ ಎಣ್ಣೆ ಹಾಕಬೇಡಿ. ಅಡುಗೆಮನೆಯ ಡಬ್ಬಿಯಲ್ಲಿ ಚಳಿಗಾಲಕ್ಕೆ ಹೇಗೆ ಹೆಪ್ಪುಗಟ್ಟುತ್ತದೋ ಅಚ್ಚಿನ ತುದಿಯಲ್ಲೂ ಹಾಗೆಯೇ ಹೆಪ್ಪುಗಟ್ಟುತ್ತದೆ. ಗಡಿಯಾರದ ಎಣ್ಣೆ ಬೇರೆಯೇ ಸಿಗುತ್ತದೆ, ರಂಧ್ರಕ್ಕೊಂದು ಹನಿ ಸಾಕು. ಒಂಬತ್ತು ವರ್ಷದಲ್ಲಿ ಬುಷ್, ಒಂದು ಸ್ಪ್ರಿಂಗ್, ಎರಡು ಸಲ ಪೂರ್ತಿ ಬಿಚ್ಚಿ ಶುಚಿಮಾಡಿದ್ದು ಸೇರಿ ಸುಮಾರು ಏಳು ಸಾವಿರ ರೂಪಾಯಿ ಖರ್ಚಾಗಿದೆ.

ವಿದೇಶದಲ್ಲಿರುವ ತಂಗಿ ತನಗೂ ಒಂದು ಕಳಿಸು ಎಂದಳು. 1972ರ ಪ್ರಾಚ್ಯವಸ್ತು ಕಾಯ್ದೆಯಡಿ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ವಯಸ್ಸು ಖಚಿತವಿಲ್ಲದ ಗಡಿಯಾರವನ್ನು ಸುಮ್ಮನೆ ಸೂಟ್‌ಕೇಸಿಗೆ ಹಾಕುವುದು ಬೇಡವೆಂದು ಹೇಳಿದೆ.

ನನಗೆ ನಿಜವಾಗಿ ನೋವು ಕೊಡುವುದು ಬೇರೆ. ಒಳ್ಳೆಯ ಯಂತ್ರವನ್ನು ಕಿತ್ತು ಗುಜರಿಗೆ ಹಾಕಿ, ಆ ಜಾಗದಲ್ಲಿ ಬ್ಯಾಟರಿಯ ಯಂತ್ರ ಕೂರಿಸಿ ಮಾರುವವರಿದ್ದಾರೆ. ಕೀ ಕೊಡುವ ಗೋಜಿಲ್ಲವೆಂದು ಕೊಳ್ಳುವವರೂ ಇದ್ದಾರೆ. ಗೋಡೆಗೆ ಬರೀ ಚೆಂದದ ಪೆಟ್ಟಿಗೆ ಸಾಕೆನ್ನುವವರು ದಯವಿಟ್ಟು ಹೊಸದನ್ನೇ ಕೊಳ್ಳಿ. ಹಳೆಯದನ್ನು ಕೊಳ್ಳುವವರು ಗಡಿಯಾರಕ್ಕಿಂತ ಮೊದಲು ರಿಪೇರಿಯವರನ್ನು ಹುಡುಕಿಕೊಳ್ಳಿ. ಶಿವಮೊಗ್ಗದ ಹಿರಿಯರಿಗೆ ಈಗ ಕಣ್ಣು ಮಂಜಾಗಿದೆ. ಕಳೆದ ದೀಪಾವಳಿಯಲ್ಲಿ ಬಂದವರು ಜಗಲಿಯಲ್ಲಿ ಕೂತು, ಯಂತ್ರ ಬಿಚ್ಚುವ ಕೆಲಸವನ್ನು ನನ್ನ ಕೈಯಲ್ಲೇ ಮಾಡಿಸಿದರು. ಪ್ರತಿ ತಿರುಪನ್ನೂ ಬಾಳೆಲೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಇಡಿಸಿದರು. ಜೋಡಿಸಿ ಮುಗಿದ ಮೇಲೆ ನಾನು ಲೋಲಕವನ್ನು ತಳ್ಳಿದೆ. ಅವರು ಮೊದಲಿನಂತೆಯೇ ಮರಕ್ಕೆ ಕಿವಿಯಿಟ್ಟು ನಿಂತರು.