ಹಳೆಯ ಬ್ರಿಟಿಷ್ ಕಾರಿನ ಬಾಗಿಲಿಗೆ ಎಫ್‌ಎಸ್ ಸರಣಿಯ ಕೀ, ಹೊಸ ಲಾಕ್ ಸೆಟ್: ಯಾವುದಕ್ಕೆ ದುಡ್ಡು ಹಾಕಬೇಕು?

ಮಾರಿಸ್ ಮೈನರ್, ಮಿನಿ, ಎಂಜಿಬಿ, ಹಳೆಯ ಲ್ಯಾಂಡ್‌ರೋವರ್ ಇಟ್ಟುಕೊಂಡವರಲ್ಲಿ ಬಹಳಷ್ಟು ಜನ ಬಾಗಿಲ ಲಾಕ್ ಸತಾಯಿಸಲು ಶುರುಮಾಡಿದ ಕೂಡಲೇ ಹೊಸ ಲಾಕ್ ಸೆಟ್ ತರಿಸಿಬಿಡುತ್ತಾರೆ. ಅವಸರ ಬೇಡ. ಮೊದಲು ನಂಬರ್ ನೋಡಿ ಕತ್ತರಿಸಿದ ಒಂದು ಹೊಸ ಕೀ ತರಿಸಿ. ಬೆಲೆ ಸೆಟ್‌ಗಿಂತ ತುಂಬಾ ಕಡಿಮೆ, ಮತ್ತು ಎಷ್ಟೋ ಸಲ ರಿಪೇರಿ ಅಲ್ಲಿಗೇ ಮುಗಿಯುತ್ತದೆ.

ಈ ಕಾರುಗಳ ಬಹುಪಾಲು ಲಾಕ್‌ಗಳು ಬರ್ಮಿಂಗ್‌ಹ್ಯಾಮ್‌ನ ವಿಲ್ಮಾಟ್ ಬ್ರೀಡನ್ ಕಂಪನಿಯವು. ನಂಬರಿನ ಮುಂದೆ ಎಫ್‌ಎಸ್ ಅಕ್ಷರವಿರುವ ಸರಣಿಯ ಕೀ ನಂಬರ್ 876ರಿಂದ 955ರವರೆಗೆ, ಅಂದರೆ ಒಟ್ಟು 80 ಬಗೆ ಮಾತ್ರ. ನಂಬರ್ ಹಳೆಯ ಕೀ ಮೇಲಿರುತ್ತದೆ, ಇಲ್ಲವೇ ಲಾಕ್‌ನ ಮುಖದ ಮೇಲೋ ಬ್ಯಾರೆಲ್‌ನ (ಕೀ ಜೊತೆ ತಿರುಗುವ ಉರುಳೆಯ) ಪಕ್ಕದಲ್ಲೋ ಒತ್ತಿರುತ್ತದೆ. ಕ್ರೋಮ್ ಮೇಲೆ ಪಾಲಿಶ್ ಕೂತು ಅಕ್ಷರ ಮುಚ್ಚಿದ್ದರೆ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ನಂಬರಿನ ಮುಂದೆ ಎಫ್‌ಎ ಅಥವಾ ಎಂಆರ್‌ಎನ್ ಅಂತಿದ್ದರೆ ಅದು ಬೇರೆ ಸರಣಿ. ಆರ್ಡರ್ ಮಾಡುವಾಗ ಅಕ್ಷರ, ಅಂಕಿ ಎರಡನ್ನೂ ಕೊಡಬೇಕು.

ಹಳೆಯ ಕೀಯನ್ನೇ ಕೊಟ್ಟು ಡೂಪ್ಲಿಕೇಟ್ ಮಾಡಿಸಿದರೆ ಆಗದೇ? ಆಗುವುದಿಲ್ಲ. ಲಾಕ್ ಒಳಗಿನ ವೇಫರ್‌ಗಳ (ಕೀಯ ಹಲ್ಲು ಸರಿಸುವ ತೆಳು ಲೋಹದ ಬಿಲ್ಲೆಗಳ) ಒಂದೊಂದು ಮೆಟ್ಟಿಲಿನ ಅಂತರ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು. ದಶಕಗಟ್ಟಲೆ ತಿರುಗಿಸಿದ ಕೀಯ ಹಲ್ಲು ಅದರ ಅರ್ಧದಷ್ಟು ಸವೆದಿದ್ದರೂ ಸಾಕು, ವೇಫರ್ ಪೂರ್ತಿ ಒಳಗೆ ಕೂರದೆ ಬ್ಯಾರೆಲ್ ಹಿಡಿಯುತ್ತದೆ. ಡೂಪ್ಲಿಕೇಟ್ ಯಂತ್ರ ಆ ಸವೆತವನ್ನೂ ಹಾಗೇ ನಕಲು ಮಾಡಿ, ತನ್ನದೊಂದಿಷ್ಟು ತಪ್ಪನ್ನೂ ಸೇರಿಸುತ್ತದೆ. ನಂಬರಿನಿಂದ ಕತ್ತರಿಸಿದ ಕೀಗೆ ಮೂಲ ಅಳತೆಯೇ ಆಧಾರ. ಈ ಕೀಗಳಿಗೆ ನಮ್ಮ ಪೂರ್ತಿ ಅಂಕ.

ಹೊಸ ಕೀ ಬಂದ ಮೇಲೂ ಲಾಕ್ ಬಿಗಿಯಾಗಿದ್ದರೆ ಸಾಮಾನ್ಯವಾಗಿ ಕಾರಣ ಕೊಳೆ. ನಮ್ಮ ಕಡೆ ತೆಂಗಿನೆಣ್ಣೆ, ಇಂಜಿನ್ ಆಯಿಲ್, ಗ್ರೀಸ್ ಯಾವುದು ಕೈಗೆ ಸಿಕ್ಕಿತೋ ಅದನ್ನು ಹಾಕುವ ರೂಢಿ. ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ, ವೇಫರಿನ ಹಿಂದಿರುವ ಕೂದಲೆಳೆಯಂಥ ಸ್ಪ್ರಿಂಗ್‌ಗೆ ಅದನ್ನು ತಳ್ಳುವ ಶಕ್ತಿಯಿಲ್ಲ. ಬ್ಯಾರೆಲ್ ಬಿಚ್ಚಿ ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ಇಡಿ. ಆಮೇಲೆ ಕೀ ಹಾಕಿ ತೆಗೆದು ಮಾಡಿ, ಬರುವ ಕಪ್ಪು ನೀರು ತಿಳಿಯಾಗುವವರೆಗೆ ತೊಳೆದು, ಪೂರ್ತಿ ಒಣಗಿಸಿ ಗ್ರಾಫೈಟ್ ಪುಡಿ ಚಿಟಿಕೆಯಷ್ಟು ಊದಿ. ಗ್ರಾಫೈಟ್ ಹಾಕಿದ ಮೇಲೆ ಎಣ್ಣೆ ತಾಗಿಸಬೇಡಿ, ಎರಡೂ ಸೇರಿದರೆ ಕೆಸರು.

ಇಷ್ಟೆಲ್ಲ ಮಾಡಿಯೂ ಕೀ ಹಾಕದೆ ಬೆರಳಿನಿಂದಲೇ ಬ್ಯಾರೆಲ್ ತಿರುಗುತ್ತಿದ್ದರೆ, ಅಥವಾ ಬ್ಯಾರೆಲ್ ಹಿಂದೆ ಚಾಚಿಕೊಂಡಿರುವ ಬಾಲದಂಥ ಪಟ್ಟಿ ಮುರಿದಿದ್ದರೆ, ಆಗ ಹೊಸ ಸೆಟ್ ಬೇಕೇ ಬೇಕು. ಈಗ ಸಿಗುವ ನಕಲು ಸೆಟ್‌ನಲ್ಲಿ ಎರಡು ಬ್ಯಾರೆಲ್, ಎರಡು ಕೀ ಇರುವುದು ವಾಡಿಕೆ. ಒಳ್ಳೆಯ ಅಂಶವೆಂದರೆ ಕೀ ನುಣ್ಣಗೆ ಓಡುತ್ತದೆ, ಎರಡೂ ಬಾಗಿಲಿಗೆ ಒಂದೇ ಕೀ. ಕೊರತೆ ಮೂರು. ಇಗ್ನಿಷನ್ ಕೀ ಬೇರೆಯೇ ಉಳಿಯುತ್ತದೆ. ಕ್ರೋಮ್ ತೆಳು, ಮಳೆಗಾಲಕ್ಕೆ ತಡೆಯುವುದು ಕಷ್ಟ. ಬಾಲದ ಉದ್ದ ಕೆಲವೊಮ್ಮೆ ಮೂಲಕ್ಕೆ ಹೊಂದುವುದಿಲ್ಲ, ಹಾಗಾಗಿ ಹಳೆಯದನ್ನು ಪಕ್ಕದಲ್ಲಿಟ್ಟು ವರ್ನಿಯರ್ ಅಳತೆಗೋಲಿನಲ್ಲಿ ಅಳೆಯದೆ ಜೋಡಿಸಬೇಡಿ.

ಮೊದಲ ಕೊರತೆಗೆ ಪರಿಹಾರವಿದೆ. ಹೊಸ ಬ್ಯಾರೆಲ್‌ನ ಕೀ ತೂತು ನಿಮ್ಮ ಇಗ್ನಿಷನ್ ಕೀಯನ್ನು ಒಳಗೆ ಬಿಟ್ಟುಕೊಂಡರೆ ವೇಫರ್‌ಗಳನ್ನು ಅದಲುಬದಲು ಮಾಡಬಹುದು. ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಿಚ್ಚಿ, ಹಾರಿಹೋದ ಸ್ಪ್ರಿಂಗ್ ಮತ್ತೆ ಸಿಗುವುದಿಲ್ಲ. ಆ ಕೀ ತೂರಿಸಿ, ಯಾವ ವೇಫರ್ ಮೇಲ್ಮೈಯಿಂದ ಎದ್ದು ನಿಲ್ಲುತ್ತದೋ ಅದರ ಜಾಗಕ್ಕೆ ಇನ್ನೊಂದನ್ನು ಹಾಕಿ ನೋಡುತ್ತ ಹೋಗಿ, ಎಲ್ಲವೂ ಸಮನಾಗಿ ಕೂತರೆ ಮುಗಿಯಿತು. ಎದ್ದ ತುದಿಯನ್ನು ಅರದಿಂದ ಉಜ್ಜಿಬಿಡುವ ಅಡ್ಡದಾರಿಯೂ ಇದೆ, ನಾವು ಒಪ್ಪುವುದಿಲ್ಲ: ಹಾಗೆ ಉಜ್ಜಿದ ಲಾಕ್ ಬೇರೆ ಕೀಗೂ ತೆರೆದುಕೊಳ್ಳಬಹುದು.

ಜೋಡಿಸುವಾಗ ಅತಿ ಹೆಚ್ಚು ತಪ್ಪಾಗುವುದು ಪುಶ್ ಬಟನ್ ಹ್ಯಾಂಡಲ್‌ನಲ್ಲಿ. ಬಟನ್ ಹಿಂದಿನ ಪ್ಲಂಜರ್ (ತಳ್ಳುವ ಕಡ್ಡಿ) ಸ್ಕ್ರೂಗೂ, ಬಾಗಿಲನ್ನು ಹಿಡಿದಿಡುವ ಲ್ಯಾಚ್‌ನ ನಾಲಿಗೆಗೂ ನಡುವೆ ಸುಮಾರು 1 ಮಿ.ಮೀ. ಬಿಡುವಿರಬೇಕು. ಬಿಡುವೇ ಇಲ್ಲದಿದ್ದರೆ ಹೊಂಡಕ್ಕೆ ಬಿದ್ದಾಗ ಬಾಗಿಲು ತಾನಾಗಿ ತೆರೆದುಕೊಳ್ಳುವ ಅಪಾಯವಿದೆ, ಜಾಸ್ತಿಯಾದರೆ ಬಟನ್ ಪೂರ್ತಿ ಒತ್ತಿದರೂ ತೆರೆಯದು. ಲಾಕ್ ನಟ್ ಸಡಿಲಿಸಿ ಸ್ಕ್ರೂ ಹೊಂದಿಸಿ, ಮತ್ತೆ ಬಿಗಿ ಮಾಡಿ. ಬಾಗಿಲ ಒಳಗಿನ ಟ್ರಿಮ್ (ಹೊದಿಕೆಯ ಹಲಗೆ) ಹಾಕುವ ಮುಂಚೆ, ಗಾಜು ಇಳಿಸಿಟ್ಟು, ಬಾಗಿಲು ತೆರೆದಿರುವಾಗಲೇ ಲ್ಯಾಚನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿ ಹತ್ತಾರು ಬಾರಿ ಬಟನ್ ಒತ್ತಿ ಪರೀಕ್ಷಿಸಿ. ಬಾಗಿಲು ಮುಚ್ಚಿದ ಮೇಲೆ ಸಿಕ್ಕಿಕೊಂಡರೆ ಟ್ರಿಮ್ ಬಿಚ್ಚುವುದು ದೊಡ್ಡ ಪಾಡು.

ಹ್ಯಾಂಡಲ್ ಕೆಳಗಿನ ರಬ್ಬರ್ ವಾಷರ್ ಹೊಸದೇ ಹಾಕಿ, ಅದಿಲ್ಲದಿದ್ದರೆ ಬಿಗಿಯುವಾಗ ಬಣ್ಣ ಏಳುತ್ತದೆ, ನೀರೂ ಒಳಗಿಳಿಯುತ್ತದೆ. ಇನ್ನು ಭದ್ರತೆ: 80 ಬಗೆಯ ಕೀ ಇರುವ ಸರಣಿಯಲ್ಲಿ, ಅದೂ ಸವೆದ ಲಾಕ್‌ಗೆ, ಪಕ್ಕದ ಕಾರಿನ ಕೀ ಹೊಂದಿದರೆ ಆಶ್ಚರ್ಯವಿಲ್ಲ. ಬ್ಯಾಟರಿ ಕಟ್-ಆಫ್ ಸ್ವಿಚ್ ಒಂದನ್ನು ಪ್ರತ್ಯೇಕವಾಗಿ ಹಾಕಿಸಿಕೊಳ್ಳಿ.